ಭೀಮವ್ವನ ಭುಜ

ಮಧ್ಯಾಹ್ನದ ಊಟ ಮುಗಿಯುವ ಮೊದಲೇ ಮೇಲಿನ ಮನೆಯಿಂದ ಮತ್ತೆ ಆ ಚೀರಾಟ ಕೇಳಿಸಿತು. ಕೆಳಗೆ ಗಂಗೂಬಾಯಿ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟಳು.

"ಇವತ್ತರ ಹೋಗಿ ಕೇಳ್ರಿ. ನೀವು ಹವಾಲ್ದಾರ ಇದ್ದು ಏನ ಉಪಯೋಗ?"

ಅವಳ ಗಂಡ ಏಕನಾಥ ಪೊಲೀಸ್ ಹವಾಲ್ದಾರ. ಸೋಲಾಪುರದ ಕಡೆಯವರಾದ್ದರಿಂದ ಇಬ್ಬರಿಗೂ ಕನ್ನಡ ಚೆನ್ನಾಗಿ ಬರುತ್ತಿತ್ತು.

ಪುಣೆಯ ಶನಿವಾರ ಪೇಟೆಯ ಆ ವಾಡೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಇಷ್ಟು: ಮೇಲಿನ ಮನೆಯ ಗುಮಾಸ್ತ ಅಪ್ಪಾಸಾಹೇಬನ ಹೆಂಡತಿ ಭೀಮವ್ವ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟ ದಾಟುತ್ತಿಲ್ಲ. ಪಾಂಡುರಂಗನ ದರ್ಶನಕ್ಕೆ ಹೋಗುವ ಪಾಲಖಿ ನಾಳೆ ಸಾಸವಡದ ಕಡೆ ಹೊರಡುತ್ತದೆ. ತುಳಸಿಯ ಕುಂಡವನ್ನು ತಲೆಯ ಮೇಲೆ ಹಿಡಿದು ಅದರ ಜೊತೆ ನಡೆಯುವ ಹರಕೆ ಅವಳದು. ಅಷ್ಟರೊಳಗೆ ಕೈ ಮೇಲೇಳಬೇಕು. ಅದಕ್ಕೇ ಭೋರ್ ಎಂಬ ಊರಿನಿಂದ ಕೀಲು ತಿದ್ದುವ ಕಾಂತಪ್ಪನನ್ನು ಕರೆಸಿದ್ದರು.

ಕಾಂತಪ್ಪ ಮಾತು ಕಡಿಮೆಯ ಮುದುಕ. ಮರಳನ್ನೂ ಉಪ್ಪನ್ನೂ ಹುರಿದು, ಗಂಟು ಕಟ್ಟಿ, ಭುಜಕ್ಕೆ ಒತ್ತುತ್ತಿದ್ದ. ಕಾವು ಎಲುಬಿಗೆ ಇಳಿಯಬೇಕು, ಇಳಿದ ಮೇಲೆಯೇ ತೋಳು ಎಳೆಯಬೇಕು. ನಡುವೆ ಗಾಳಿ ಸೋಕಿದರೆ ಕೀಲು ಮತ್ತೆ ಬಿಗಿಯುತ್ತದಂತೆ. ಹಾಗಾಗಿ ಬಾಗಿಲು ಕಿಟಕಿ ಎಲ್ಲ ಬಂದ್. ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ.

ಗಂಗೂಬಾಯಿ ಇದನ್ನು ನಂಬಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದುಂಟೇ? ಮೆಟ್ಟಿಲ ಮೇಲೆ ಜಾರಿ ಬಿದ್ದೆ ಎನ್ನುವ ಹೆಂಗಸರನ್ನು ಅವಳು ಬೇಕಾದಷ್ಟು ಕಂಡಿದ್ದಳು. ತಲೆ ಬಾಚುವ ನೆಪದಲ್ಲಿ ಭೀಮವ್ವನ ಸೆರಗು ಸರಿಸಿಯೂ ನೋಡಿದ್ದಳು. ಭುಜದ ಮೇಲೆ ಒಂದು ಬಾವಿಲ್ಲ, ಒಂದು ಕೆಂಪಿಲ್ಲ. ಅಪ್ಪಾಸಾಹೇಬ ಗುರುತು ಉಳಿಸದೆ ಹೊಡೆಯುತ್ತಾನೆಂದರೆ ಅದು ಪಳಗಿದ ಕೈಯೇ ಸರಿ. ಸಾಲದ್ದಕ್ಕೆ ಬೆಳಗಾದರೆ ಮೇಲಿನಿಂದ ರೊಟ್ಟಿ ಬಡಿಯುವ ಸದ್ದು. ಎತ್ತಲಾರದ ಕೈಯಲ್ಲಿ ರೊಟ್ಟಿ ಬಡಿಸಿಕೊಂಡು ತಿನ್ನುತ್ತಾನೆ, ಅದೂ ಮೂರು ಜನರಿಗಾಗುವಷ್ಟು. ಕಟುಕ.

ಏಕನಾಥ ಮೆಟ್ಟಿಲು ಹತ್ತಿ ಬಾಗಿಲು ಬಡಿದ. ಚೀರಾಟ ತಟ್ಟನೆ ನಿಂತಿತು. ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಅಪ್ಪಾಸಾಹೇಬ ಅರ್ಧ ಬಾಗಿಲು ತೆರೆದು ಅಡ್ಡ ನಿಂತ. ಹಣೆಯ ತುಂಬ ಬೆವರು, ತುಟಿ ಒಣಗಿತ್ತು. ತಪ್ಪಿತಸ್ಥನ ಮುಖ ಹವಾಲ್ದಾರನಿಗೆ ಗೊತ್ತಿರದ್ದೇ?

"ಅಪ್ಪಾಸಾಹೇಬ್ರ, ಅವರನ್ನ ಹೊರಗ ಕರೀರಿ."

ಭೀಮವ್ವ ಬಂದಳು. ಕೂದಲು ಕೆದರಿತ್ತು, ಬಲಗೈ ಸೆರಗಿನೊಳಗಿತ್ತು. ಅತ್ತು ಅತ್ತು ಕಣ್ಣು ಊದಿದ್ದವು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ.

"ತಂಗಿ, ಅಂಜಬ್ಯಾಡ. ಖರೇ ಹೇಳು. ಇವರು ನಿನ್ನ ಹೊಡೀತಾರೇನು?"

"ಇಲ್ಲರೀ ಅಣ್ಣಾರ. ಅವರು ದೇವರಂಥಾವರು. ಕೈ ಒಂದು ಮ್ಯಾಲೆ ಎದ್ದರ ಸಾಕಾಗೇದ. ನಾಳಿಗೂ ಏಳಲಿಲ್ಲಂದ್ರ ನಾ ಬದುಕಿ ಏನ ಮಾಡ್ಲಿ?"

ಒಂದು ಹರಕೆಗೆ ಇಷ್ಟು ಸಂಕಟವೇ ಎಂದು ಏಕನಾಥನಿಗೆ ಕನಿಕರವಾಯಿತು. ಹೆಂಡತಿಯ ಮಾತು ಕೇಳಿ ಬಂದದ್ದಕ್ಕೆ ನಾಚಿಕೆಯೂ ಆಯಿತು.

"ಪಾಂಡುರಂಗ ನಡಸ್ತಾನ, ತಂಗಿ. ನಾಳೆ ಪಾಲಖಿ ಹತ್ತೋ ದಿವೆಘಾಟಿನ್ಯಾಗ ನಂದ ಡ್ಯೂಟಿ ಅದ. ಊರ ನಾಕಾದಾಗ ದಿನಾ ಮಾಡೋಹಂಗ ಅಲ್ಲೂ ಗಂಡಸರನ್ನೆಲ್ಲಾ ನಿಲ್ಲಿಸಿ ಎರಡೂ ಕೈ ಮ್ಯಾಲೆ ಎತ್ತಸ್ತೇವಿ. ಹೋದ ವರ್ಷದ ಚಲೇಜಾವ್ ಗಲಾಟಿಯೊಳಗ ಭುಜಕ್ಕ ಗುಂಡು ಬಿದ್ದವ ಒಬ್ಬ ಇನ್ನೂ ಸಿಕ್ಕಿಲ್ಲ. ಹೆಂಗಸರಿಗೇನು ತ್ರಾಸಿಲ್ಲ. ನೀ ಆರಾಮ ಬಾ."

"ಬರ್ತೇವ್ರಿ," ಎಂದಳು ಭೀಮವ್ವ.

ಏಕನಾಥ ಕೆಳಗಿಳಿದು ತಣ್ಣಗಾದ ಊಟಕ್ಕೆ ಕುಳಿತ. "ಎಲುಬಿಗೆ ಮದ್ದದ, ನಿನ್ನ ಸಂಶಯಕ್ಕ ಇಲ್ಲ," ಎಂದು ಹೆಂಡತಿಗೆ ಅಂದ. ಗಂಗೂಬಾಯಿ ಮುಖ ತಿರುಗಿಸಿದಳು.

ಮೇಲೆ ಅಗಳಿ ಬಿತ್ತು. ಕಾಂತಪ್ಪ ಗಂಟನ್ನು ಮತ್ತೆ ಕಾಯಿಸಿ ಒತ್ತಿ, ಒಳಕೋಣೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗಿದ್ದ ಹುಡುಗನ ತೋಳನ್ನು ತಲೆಯ ಕಡೆಗೆ ಎಳೆದ, ಗಂಡಸಿನ ನರಳಾಟ ಕೆಳಗೆ ಕೇಳಿಸದಂತೆ ಭೀಮವ್ವ ತನ್ನ ತಮ್ಮನ ನೋವನ್ನೆಲ್ಲ ತಾನೇ ಚೀರಿದಳು.