ಅವನ ಕೊಬ್ಬು, ಅವಳ ಲಿವರ್

ಗಂಡನ ಲಿವರಿನ ಕೊಬ್ಬನ್ನು ಹೆಂಡತಿಯ ಲಿವರಿಗೆ ಇಳಿಸುವ ಯಂತ್ರ ದಾವಣಗೆರೆಯ ಮನೆಮನೆಗೂ ಬಂದು ಮಿಕ್ಸಿಯಷ್ಟೇ ಹಳತಾಗಿತ್ತು. ಪ್ರತಿ ಭಾನುವಾರ ಚನ್ನವೀರಪ್ಪ ಹೋಟೆಲಿನಲ್ಲಿ ಬೆಣ್ಣೆದೋಸೆ ಮುಗಿಸಿ ಬಂದು, ಯಂತ್ರದ ಒಂದು ಪಟ್ಟಿಯನ್ನು ತನ್ನ ಕೈಗೂ ಇನ್ನೊಂದನ್ನು ಹೆಂಡತಿ ಶಾಂಭವಿಯ ಕೈಗೂ ಕಟ್ಟುತ್ತಿದ್ದ. ಅವಳು ಸಕ್ಕರೆ ಬಿಟ್ಟಿದ್ದಳು, ಕರಿದದ್ದು ಮುಟ್ಟುತ್ತಿರಲಿಲ್ಲ, ದಿನಾ ಬೆವರಿಳಿಯುವವರೆಗೆ ನಡೆಯುತ್ತಿದ್ದಳು. ಆದರೂ ನಿನ್ನೆ ಸ್ಕ್ಯಾನ್ ನೋಡಿದ ಡಾಕ್ಟರು, "ಲಿವರಿನಲ್ಲಿ ಕೊಬ್ಬು ಶುರುವಾಗಿದೆ ಕಣಮ್ಮ. ಈಗಲೇ ಬಾಯಿ ಕಟ್ಟಿದರೆ ಸರಿಹೋಗುತ್ತೆ," ಎಂದಿದ್ದರು. ಬಾಯಿ ಕಟ್ಟಬೇಕಾದವರು ಯಾರೆಂದು ನೆನೆದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ಇವತ್ತು ಅವನು ಪಟ್ಟಿ ಹಿಡಿದು ಬಂದಾಗ ಅವಳು ಕೈ ಕೊಡಲಿಲ್ಲ.

"ಏನಾತು ನಿನಗೆ? ನಮ್ಮಪ್ಪಂದು ನಮ್ಮವ್ವ ಕೊನೇತನಕ ತಗಂಡ್ಲು. ಒಂದು ಮಾತಾಡ್ಲಿಲ್ಲ," ಎಂದ.

"ಮಾತಾಡೋಕೆ ಅವ್ರು ಉಳಿದ್ರೇನ್ರೀ? ಐವತ್ತಕ್ಕೇ ಹೋದ್ರು! ತಿಂದೋರು ನೀವು, ನೀವೇ ನಡೆದು ಕರಗಿಸ್ರಿ!"

ಶಾಂಭವಿ ಯಂತ್ರವನ್ನು ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿದಳು. ಸದ್ದಿಗೆ ಅಕ್ಕಪಕ್ಕದ ಹೆಂಗಸರು ಹೊರಗೆ ಓಡಿಬಂದರು. ಕೆಲವರ ಕೈಗೆ ಪಟ್ಟಿ ಇನ್ನೂ ಕಟ್ಟಿದಂತೆಯೇ ಇತ್ತು. ಚೂರಾದ ಯಂತ್ರವನ್ನೂ ಶಾಂಭವಿಯ ಮುಖವನ್ನೂ ನೋಡುತ್ತ ನಿಂತವರಲ್ಲಿ, ಎದುರುಮನೆಯ ಮುದುಕಿ ಮೊದಲು ಪಟ್ಟಿ ಬಿಚ್ಚಿದಳು.