ಕಣ್ಣೀರಿನ ಪರೀಕ್ಷೆ

ಗಂಡನನ್ನು ಮಣ್ಣು ಮಾಡಿದ ಮೇಲೆ, ಸೋಮವಾರ ಸೋಮವಾರ ಸಮಾಧಿಗೆ ಹೂವಿಡಲು ಹೋದಾಗಲೆಲ್ಲ ಅವಳ ಕಣ್ಣು ಧಾರೆಯಾಗಿ ಸುರಿಯುತ್ತಿತ್ತು. ಕಣ್ಣು ಬಾತುಕೊಂಡಿದ್ದು ನೋಡಲಾರದೆ ಅತ್ತೆಯೇ ಆಸ್ಪತ್ರೆಗೆ ಕರೆತಂದರು.

ಡಾಕ್ಟರು ಅವಳ ಮುಂಗೈ ಮೇಲೆ ಬಗೆಬಗೆಯ ಹೂಪುಡಿ ಕಲಸಿದ ನೀರಿನ ಹನಿಗಳನ್ನಿಟ್ಟು ಸೂಜಿಯಿಂದ ಚುಚ್ಚಿದರು. ಅವಳು ಮಿಸುಕಲಿಲ್ಲ. ಸ್ವಲ್ಪ ಹೊತ್ತಿಗೆ ಚುಚ್ಚಿದ ಜಾಗಗಳಲ್ಲೊಂದು ನಾಕಾಣೆಯಗಲ ಊದಿತು.

"ಇದು ಅಳು ಅಲ್ಲಮ್ಮ. ಕಾಂಗ್ರೆಸ್ ಗಿಡದ ಹೂವಿನ ಪುಡಿ ನಿಮಗೆ ಆಗಲ್ಲ, ಅಷ್ಟೇ."

ಹೊರಗೆ ಕಾದಿದ್ದ ಅತ್ತೆ ಕೇಳಿದರು, "ಏನಂದ್ರವ್ವಾ?"

"ಏನಿಲ್ಲ ಅಂದ್ರು."

"ಅತ್ತೂ ಅತ್ತೂ ಕಣ್ಣು ಕಳ್ಕತೀಯ ಕಣೇ. ನಾಡಿದ್ದು ವರ್ಷದ ಪೂಜೆ, ನೆಂಟ್ರೆಲ್ಲ ಸಮಾಧಿ ತಾವ ಬತ್ತಾರೆ. ಸುತ್ತ ಬೆಳ್ದಿರೋ ಕಾಂಗ್ರೆಸ್ ಗಿಡನೆಲ್ಲ ನಾಳೆ ಕೀಳುಸ್ಬುಡ್ತೀನಿ."

ಅವಳು ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಪೂಜೆ ಆಗೋಗ್ಲಿ ಅತ್ತೆ, ಆಮೇಲೆ ಕೀಳ್ಸಿ."