ಎರಡು ಮುಷ್ಟಿ ಐಸು

ವೈಟ್ಟಿಲದ ಬಸ್‌ಸ್ಟ್ಯಾಂಡಿನಲ್ಲಿ ನಿಂಬೆ ಸೋಡಾದ ತಣ್ಣನೆಯ ಗ್ಲಾಸು ಹಿಡಿದಾಗಲೆಲ್ಲ, ಅಪ್ಪನನ್ನು ಕೊನೆಯ ಸಲ ಕಂಡ ಮಧ್ಯಾಹ್ನ ಅಂಗೈಗೆ ಬರುತ್ತದೆ.

ಆಗ ತಿರುವನಂತಪುರದ ಸೇನಾ ಕ್ವಾರ್ಟರ್ಸಿನಲ್ಲಿದ್ದೆವು. ಅಳು ಬಂದರೆ ಐಸು ಹಿಡಿಯಬೇಕೆಂದು ಸೈನಿಕರ ಮನೆಯವರ ಮನೋಬಲದ ಕ್ಲಾಸಿನಲ್ಲಿ ಅಮ್ಮನಿಗೆ ಕಲಿಸಿದ್ದರು. ಗಡಿಗೆ ಹೊರಟ ಅಪ್ಪನ ಕಾಲು ತಬ್ಬಿ ನಾನು ಅತ್ತೆ. ಅಮ್ಮ ನನ್ನನ್ನು ಎಳೆದು, ಎರಡೂ ಮುಷ್ಟಿಗೆ ಐಸು ತುರುಕಿ, ಮೇಲಿಂದ ಬಿಗಿಯಾಗಿ ಒತ್ತಿ ಹಿಡಿದಳು.

"ಕರಗುವವರೆಗೆ ಬಿಡ್ಲಿಕ್ಕಿಲ್ಲ. ನೀನು ಅತ್ರೆ ಅಪ್ಪನಿಗೆ ಅಲ್ಲಿ ಮನಸ್ಸು ನಿಲ್ತದಾ?"

"ಟಾಟಾ ಮಾಡು, ಮೋಳೇ, ಮಗಳೇ," ಎಂದರು ಅಪ್ಪ ಜೀಪಿನಿಂದ.

ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅಪ್ಪ ಕಾದರು, ಆಮೇಲೆ ಮುಖ ತಿರುಗಿಸಿಕೊಂಡರು.

ಐಸು ಕರಗಿ ನಾನು ಕೈ ಎತ್ತುವಾಗ ಜೀಪು ಗೇಟು ದಾಟಿತ್ತು. ಅಮ್ಮ ನನ್ನ ಕೆಂಪು ಅಂಗೈಗಳನ್ನು ಸೆರಗಿನಲ್ಲಿ ಒರೆಸಿದಳು.

"ಜಾಣೆ! ನಾಳೆ ಕ್ಲಾಸಿನಲ್ಲಿ ಎಲ್ಲರ ಹತ್ರ ಹೇಳ್ತೇನೆ."